ಹಿಮ ಕೂರದ ಗೋಪುರ

ತ್ಬಿಲಿಸಿ
೪ ಅಕ್ಟೋಬರ್ ೨೦೨೧

ಅಪ್ಪಾ,

ಒಂದು ವಾರದಿಂದ ಫೋನ್ ಮಾಡ್ತಾನೇ ಇದ್ದೀನಿ. 'ನೀವು ಕರೆ ಮಾಡಿದ ಚಂದಾದಾರರು...' ಅಂತ ಆ ಹೆಂಗಸು ಶುರು ಹಚ್ಚಿದ ತಕ್ಷಣ ನನಗೆ ಮೈಯೆಲ್ಲ ಉರಿಯುತ್ತೆ. ಇವತ್ತು ಬಸ್‌ಸ್ಟಾಂಡಿಗೆ ಹೋಗಿ ಶೋತಾ ಮಾಮನನ್ನೇ ಹಿಡಿದೆ. "ಊರಲ್ಲಿ ಕರೆಂಟ್ ಹೋದ್ರೆ ಫೋನಿನ ಕಂಬಾನೂ ಸತ್ತಂಗೇ ಕಣಮ್ಮಾ. ಕಾಗದ ಬರಿ, ನನ್ನ ಮಿನಿಬಸ್ಸಲ್ಲಿ ಹಾಕ್ಕೊಂಡು ಹೋಗ್ತೀನಿ" ಅಂದ್ರು. ಈ ಕಾಲದಲ್ಲಿ ಕಾಗದ! ಪೆನ್ನು ಹಿಡಿದು ಎಷ್ಟು ವರ್ಷ ಆಗಿತ್ತೋ, ಅಕ್ಷರ ನೋಡಿ ನಗಬೇಡ.

ಮೊದಲು ಅಮ್ಮನ ವಿಷಯ ಹೇಳು. ಆಕ್ಸಿಜನ್ ಮೆಷಿನ್ ಸರಿಯಾಗಿ ಓಡ್ತಾ ಇದೆಯಾ? ಕರೆಂಟ್ ಹೋದಾಗ ಏನು ಮಾಡ್ತೀರಿ? ಸಿಲಿಂಡರ್ ತುಂಬಿಸಿಟ್ಟಿದ್ದೀರಾ?

ಇಲ್ಲಿ ನಮ್ಮ ಅಂಗಡಿ ಕಥೆ ಹೇಳಿದ್ರೆ ನೀನು ನಂಬಲ್ಲ. ಗ್ರಾಫಿಕ್ಸ್ ಕಾರ್ಡ್ ಅಂತ ಒಂದು ಸಾಮಾನು ಇದೆ. ಕಂಪ್ಯೂಟರ್ ಒಳಗೆ ಕೂರುತ್ತೆ, ಪರದೆ ಮೇಲೆ ಚಿತ್ರ ಓಡಿಸೋದು ಅದೇ. ಇಟ್ಟಿಗೆಗಿಂತ ಸ್ವಲ್ಪ ಉದ್ದ, ಮೇಲೆ ಎರಡೋ ಮೂರೋ ಫ್ಯಾನು. ಮಾಡೋದು ಎರಡೇ ಕಂಪನಿ. ನಾವು ಅಂಗಡಿಯಲ್ಲಿ ಒಂದನ್ನ ಕೆಂಪು ಅಂತೀವಿ, ಇನ್ನೊಂದನ್ನ ಹಸಿರು ಅಂತೀವಿ. ಭಾರೀ ದುಬಾರಿದು ಒಂದಿದೆ, ಅದನ್ನ ಮೊದಲೂ ಯಾರೂ ಕೇಳ್ತಿರಲಿಲ್ಲ. ನಡುಮಟ್ಟದ್ದು ಮಾತ್ರ ಮನೆಮನೆಗೂ ಹೋಗೋ ಸಾಮಾನು. ಹಸಿರಿನದು ಸಾವಿರದ ಮುನ್ನೂರು ಲರಿ, ಕೆಂಪಿನದು ಅದಕ್ಕಿಂತ ಐವತ್ತು ಕಮ್ಮಿ. ಹುಡುಗರು ಯಾವುದು ವಾಸಿ ಅಂತ ನನ್ನ ಮುಂದೆಯೇ ಜಗಳ ಆಡಿ, ಕೊನೆಗೆ ಒಂದನ್ನ ತಗೊಂಡು ಹೋಗ್ತಿದ್ರು. ಅದು ಹೋದ ವರ್ಷದ ಮಾತು.

ಈಗ? ಹಸಿರು ಎರಡು ಸಾವಿರದ ಒಂಬೈನೂರು! ಕೆಂಪು ಎರಡೂವರೆ ಸಾವಿರ! ಅದೂ ಇದ್ರೆ. ತಿಂಗಳಿಗೆ ಒಂದು ಸಲ ಡಬ್ಬಿ ಬರುತ್ತೆ, ನಾನು ಟೇಪು ಕೀಳೋದರೊಳಗೆ ಖಾಲಿ. ನಮ್ಮ ಸಾಹುಕಾರರು ಎಲ್ಗುಜಾ ಬೆಳಿಗ್ಗೆ ಒಂದು ಬೆಲೆ ಅಂಟಿಸ್ತಾರೆ, ಊಟ ಆದ ಮೇಲೆ ಅದನ್ನ ಕಿತ್ತು ಇನ್ನೊಂದು ಅಂಟಿಸ್ತಾರೆ. ಮೇದಿಯಾ ಅಂತ ಒಬ್ಬಳು ವಿದ್ಯಾರ್ಥಿನಿ, ಕಟ್ಟಡದ ನಕ್ಷೆ ಮಾಡೋಳು, ಪ್ರತಿ ಶುಕ್ರವಾರ ಬಂದು "ಬಂತಾ ಅಕ್ಕಾ?" ಅಂತಾಳೆ. ಅವಳ ಮುಖ ನೋಡೋಕೆ ಆಗಲ್ಲ ನನಗೆ.

ಒಂದು ಖುಷಿ ವಿಷಯ. ಗೋಚಾನಿಗೆ ನಾನು ಆರು ಕಾರ್ಡು ಎತ್ತಿಟ್ಟು ಕೊಟ್ಟಿದ್ದೀನಿ. ಜೀಪು ಮಾರಿದ ದುಡ್ಡಲ್ಲಿ ಜುಗ್ದಿದಿ ಪಟ್ಟಣದಲ್ಲಿ ಹುಡುಗರು ಆಟ ಆಡೋ ಕಂಪ್ಯೂಟರ್ ಹಾಲ್ ತೆಗೀತಾನಂತಲ್ಲ. ಅಂತೂ ನನ್ನ ತಮ್ಮನಿಗೂ ಬುದ್ಧಿ ಬಂತು!

ನಿನ್ನ
ತೆಕ್ಲೆ


ಉಷ್ಖಾರ್
೧೭ ಅಕ್ಟೋಬರ್ ೨೦೨೧

ಮಗಳೇ ತೆಕ್ಲೆ,

ನಿನ್ನ ಕಾಗದ ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಎರಡೂ ಸಲ ಬೆಲೆ ಬಂದ ಜಾಗದಲ್ಲಿ ನಿಲ್ಲಿಸಿ "ಸರಿಯಾಗಿ ಓದ್ರೀ" ಅಂದಳು. ಸರಿಯಾಗೇ ಓದಿದ್ದು ಮಾರಾಯ್ತಿ! ಎರಡು ಸಾವಿರದ ಒಂಬೈನೂರು! ಹೋದ ತಿಂಗಳು ನಾನು ಕೆಂದ ಹಸು ಮಾರಿದ್ದು ಎರಡು ಸಾವಿರದ ಇನ್ನೂರಕ್ಕೆ. ಹಾಲು ಕೊಡೋ ಹಸು, ಹೊಟ್ಟೆಯಲ್ಲಿ ಕರು ಬೇರೆ. ನಿನ್ನ ಆ ಫ್ಯಾನಿರೋ ಇಟ್ಟಿಗೆ ಏನು ಕೊಡುತ್ತೆ? ಕರು ಹಾಕುತ್ತಾ? ನಿಮ್ಮ ಸಾಹುಕಾರನನ್ನ ಕೇಳು.

ಮೆಷಿನ್ ಓಡ್ತಿದೆ, ಕರೆಂಟ್ ಇದ್ದಾಗ. ಕರೆಂಟ್ ಇರೋದೇ ಅಪರೂಪ. ಬಂತು ಅನ್ನೋಷ್ಟರಲ್ಲಿ ಬಲ್ಬು ಮಿಣಿಮಿಣಿ ಅಂದು ಹಳದಿಯಾಗುತ್ತೆ, ಮೆಷಿನ್ ಕುಂಯ್ ಕುಂಯ್ ಅಂತ ಕೂಗುತ್ತೆ, ಆಮೇಲೆ ಎಲ್ಲ ಕತ್ತಲೆ. ಆಗ ಸಿಲಿಂಡರ್ ತಿರುಗಿಸೋದು. ಶೋತಾ ಪಾಪ ಜುಗ್ದಿದಿಯಿಂದ ತುಂಬಿಸಿ ತಂದುಕೊಡ್ತಾನೆ. ಸಿಲಿಂಡರ್ ಖಾಲಿ ಆಗಿ ಅವನು ಬರೋದು ತಡ ಆದ್ರೆ ಏನು ಗತಿ ಅಂತ ಯೋಚನೆ ಬಂದ್ರೆ ನನಗೆ ಅನ್ನನೀರು ಇಳಿಯಲ್ಲ. ನಿನ್ನಮ್ಮನ ತುಟಿ ನೀಲಿಯಾಗೋದನ್ನ ಒಂದು ಸಲ ನೋಡಿದ್ದೀನಿ, ಅಷ್ಟು ಸಾಕು ಈ ಜನ್ಮಕ್ಕೆ.

ನಮ್ಮ ಕಣಿವೆಯಲ್ಲಿ ಕರೆಂಟಿಗೆ ಕಾಸಿಲ್ಲ, ಎಷ್ಟು ಬೇಕಾದ್ರೂ ಉರಿಸು ಅಂತ ಸರ್ಕಾರ ಬಿಟ್ಟಿದ್ದೇ ತಪ್ಪಾಯ್ತು ನೋಡು. ಯಾರೋ ಊರಲ್ಲಿ ಕದ್ದು ಯಂತ್ರ ಇಟ್ಟಿದ್ದಾರಂತೆ, ಇಂಟರ್ನೆಟ್ಟಿನ ದುಡ್ಡು ಹುಟ್ಟಿಸೋ ಯಂತ್ರ. ಅದೇ ಎಲ್ಲ ಹೀರ್ತಿದೆ ಅಂತ ಕರೆಂಟಿನವನು ಹೇಳಿದ. ಅದು ಯಾರು ಅಂತ ಹೇಳೋಕೆ ಜ್ಯೋತಿಷ್ಯ ಬೇಕಾ? ಪಕ್ಕದ ಮನೆ ಜುಂಬೇರ! ಬೇಸಿಗೆಯಲ್ಲಿ ಒಬ್ಬ ಪ್ರವಾಸಿಯೂ ಬಂದಿಲ್ಲ, ಆದ್ರೂ ಹೊಸ ಕಾರು ಎಲ್ಲಿಂದ ಬಂತು? ಕೇಳಿದ್ರೆ "ಪೋಲೆಂಡಲ್ಲಿರೋ ಮಗಳು ಕೊಡಿಸಿದಳು" ಅಂತಾನೆ. ಹೌದಪ್ಪಾ ಹೌದು.

ಗೋಚಾ ಕೆಲಸ ಕೆಲಸ ಅಂತ ಓಡಾಡ್ತಿದ್ದಾನೆ. ನನ್ನ ಮಂಡಿಗೆ ಏಣಿ ಆಗಲ್ಲ ಅಂತ ಮನೆ ಪಕ್ಕದ ನಮ್ಮ ಹಳೇ ಕಲ್ಲಿನ ಗೋಪುರದ ಬೀಗದ ಕೈ ಅವನೇ ಇಟ್ಟುಕೊಂಡಿದ್ದಾನೆ. ಚಳಿಗಾಲದ ಹುಲ್ಲೆಲ್ಲ ತಾನೇ ಏರಿಸಿದ. ಹುಡುಗ ಗಟ್ಟಿಯಾದ.

ಇಂತಿ ನಿನ್ನ ತಂದೆ
ಮುರ್ಮಾನ್


ತ್ಬಿಲಿಸಿ
೮ ನವೆಂಬರ್ ೨೦೨೧

ಅಪ್ಪಾ,

ಹಸುವಿನ ಲೆಕ್ಕ ಎಲ್ಗುಜಾ ಸಾಹುಕಾರರಿಗೆ ಹೇಳಿದೆ. ಹೊಟ್ಟೆ ಹಿಡ್ಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ "ನಿಮ್ಮಪ್ಪನಿಗೆ ಹೇಳು, ಈಗ ಕರು ಹಾಕೋದು ಕಾರ್ಡೇ" ಅಂದ್ರು.

ಅವರು ತಮಾಷೆ ಮಾಡಿದ್ದಲ್ಲ. ನೀನು ಬರೆದ ಕಳ್ಳಯಂತ್ರ ಇದ್ಯಲ್ಲ, ಅದರ ಹೊಟ್ಟೆಯಲ್ಲಿರೋದು ಇವೇ ಕಾರ್ಡುಗಳು. ಆರೆಂಟು ಕಾರ್ಡು ಸಾಲಾಗಿ ಜೋಡಿಸಿ, ಹಗಲೂ ರಾತ್ರಿ ಲೆಕ್ಕ ಮಾಡಿಸ್ತಾರೆ. ಲೆಕ್ಕಕ್ಕೆ ಪ್ರತಿಯಾಗಿ ಇಂಟರ್ನೆಟ್ ದುಡ್ಡು ಬರುತ್ತೆ. ಅದಕ್ಕೇ ಕಾರ್ಡು ಅಂಗಡಿಗೆ ಬರೋ ಮೊದಲೇ ಮಾಯ. ಕೆಂಪು ಹಸಿರು ಅಂತ ಜಗಳ ಆಡೋರೇ ಇಲ್ಲ ಈಗ. ನಿನ್ನೆ ಒಬ್ಬ ಬಂದು "ಯಾವ ಬಣ್ಣದ್ದಾದ್ರೂ ಸರಿ, ಎಷ್ಟಿದ್ರೂ ಕೊಡು" ಅಂದ. ಮೇದಿಯಾ ಅವನ ಹಿಂದೆಯೇ ನಿಂತಿದ್ದಳು, ಹಾಗೇ ಹೊರಟುಹೋದಳು. ಇನ್ನೊಂದು ಗೊತ್ತಾ? ಆ ಕಾರ್ಡು ಓಡುವಾಗ ಕೈಯಿಟ್ರೆ ಚುರ್ ಅನ್ನುತ್ತೆ. ನಮ್ಮ ಅಂಗಡಿ ಹಿಂದೆ ಪರೀಕ್ಷೆಗೆ ಎರಡು ಓಡ್ತಿದ್ರೆ ನಾವು ಹೀಟರ್ ಹಾಕೋದೇ ಇಲ್ಲ.

ಹೋದ ವಾರ ಬಂದ ಡಬ್ಬಿಯಲ್ಲಿ ಗೋಚಾನಿಗೆ ಇನ್ನೂ ಆರು ಎತ್ತಿಟ್ಟೆ. ಹಾಲ್ ದೊಡ್ಡದಾಗ್ತಿದೆಯಂತೆ. ಅಂಗಡಿಯವಳ ತಮ್ಮ ಅಂತ ಎಲ್ಗುಜಾ ಹಳೇ ಬೆಲೆಗೆ ಇನ್ನೂರು ಮಾತ್ರ ಸೇರಿಸಿ ಕೊಟ್ರು. ನಾನು ಎಷ್ಟು ಬೇಡ್ಕೊಂಡೆ ಅಂತ ಅವನಿಗೆ ಹೇಳು, ಉದ್ಘಾಟನೆಗೆ ನನ್ನ ಕರೆಸ್ಲಿ.

ಅಪ್ಪಾ, ಜುಂಬೇರ್ ಮಾಮನ ಮೇಲೆ ಸುಮ್ಮನೆ ಹಾರಾಡಬೇಡ. ಕಣ್ಣಾರೆ ನೋಡಿದ್ಯಾ? ಅವರ ಮಗಳು ನಾನಾ ಪೋಲೆಂಡಲ್ಲಿ ಎರಡೆರಡು ಕೆಲಸ ಮಾಡ್ತಾಳೆ, ನನಗೆ ಗೊತ್ತು. ನೀನು ಒಂದು ಸಲ ಅಂದುಬಿಟ್ರೆ ಆ ಮಾತು ಊರಲ್ಲಿ ಹಾಗೇ ಉಳಿಯುತ್ತೆ.

ಅಮ್ಮನಿಗೆ ಉಣ್ಣೆ ಕಾಲುಚೀಲ ಕಳಿಸಿದ್ದೀನಿ.

ನಿನ್ನ
ತೆಕ್ಲೆ


ಉಷ್ಖಾರ್
೧೨ ಡಿಸೆಂಬರ್ ೨೦೨೧

ಮಗಳೇ,

ಕಾಲುಚೀಲ ನಿನ್ನಮ್ಮ ಬಿಚ್ಚೋದೇ ಇಲ್ಲ. ಕೆಟ್ಟ ಸುದ್ದಿ ಅಂದ್ರೆ, ಶಾಲೆ ಪಕ್ಕದ ಟ್ರಾನ್ಸ್‌ಫಾರ್ಮರ್ ಢಮಾರ್ ಅಂತು. ನೀಲಿ ಬೆಂಕಿ! ಮಕ್ಕಳು ಕಿರುಚಿಕೊಂಡು ಓಡಿಬಂದ್ವು. ಹೊಸದಕ್ಕೆ ಸರ್ಕಾರ ಬೇಸಿಗೆವರೆಗೆ ಕಾಯಿ ಅಂತು. ಹಳೇದಕ್ಕೆ ತೇಪೆ ಹಾಕಿ ಓಡಿಸ್ತಿದ್ದಾರೆ, ಇದೂ ಎಷ್ಟು ದಿನವೋ.

ಅದಕ್ಕೇ ಊರು ಸೇರಿ ತೀರ್ಮಾನ ಮಾಡಿದ್ದೀವಿ. ಬರೋ ಭಾನುವಾರ, ಹತ್ತೊಂಬತ್ತಕ್ಕೆ, ಸಂತ ಗಿಯೋರ್ಗಿಯ ಬೆಳ್ಳಿ ಪಟ ಹೊರಗೆ ತರ್ತಾರೆ. ಮನೆಗೊಬ್ಬ ಯಜಮಾನ ಬಂದು ಪಟದ ಮೇಲೆ ಕೈಯಿಟ್ಟು "ನನ್ನ ಸೂರಿನ ಕೆಳಗೆ ಅಂಥ ಯಂತ್ರ ಇಲ್ಲ" ಅಂತ ಆಣೆ ಮಾಡಬೇಕು. ಪೊಲೀಸಿಗೆ ಸುಳ್ಳು ಹೇಳಬಹುದು, ಕೋರ್ಟಿಗೆ ಹೇಳಬಹುದು. ಆ ಪಟದ ಮುಂದೆ ಸುಳ್ಳು ಹೇಳಿದ ಮನೆಯ ಒಲೆ ಆರಿಹೋಗುತ್ತೆ ಅಂತ ನಮ್ಮಜ್ಜ ಹೇಳ್ತಿದ್ದ. ನಾನು ಎಲ್ಲರಿಗಿಂತ ಮೊದಲು ಹೋಗಿ ನಿಲ್ಲೋನು. ಆಮೇಲೆ ಅಲ್ಲೇ ನಿಂತು ಜುಂಬೇರನ ಮುಖ ನೋಡ್ತೀನಿ.

ಗೋಚಾ "ನಿನ್ನ ಮಂಡಿ ಸರಿಯಿಲ್ಲ, ನಾನೇ ಹೋಗಿ ಆಣೆ ಮಾಡ್ತೀನಿ" ಅಂದ. ನಾನಿರುವಾಗ ಇವನ್ಯಾಕೆ? ಬೈದು ಕಳಿಸಿದೆ. ಪಾಪ, ಅಪ್ಪನ ಮೇಲೆ ಎಷ್ಟು ಕಾಳಜಿ ಅನ್ಕೊಂಡೆ.

ಹಿಮ ಜೋರಾಗಿ ಬಿದ್ದಿದೆ. ಒಂದು ವಿಚಿತ್ರ ಹೇಳ್ತೀನಿ ಕೇಳು. ಊರಿನ ಎಲ್ಲ ಗೋಪುರದ ನೆತ್ತಿ ಮೇಲೂ ಮೊಳದುದ್ದ ಹಿಮ, ನಮ್ಮದರ ಮೇಲೆ ಮಾತ್ರ ಒಂದು ಚೂರೂ ಇಲ್ಲ! ಬಿದ್ದದ್ದೆಲ್ಲ ಕರಗಿ ಗೋಡೆ ಮೇಲೆ ಇಳೀತಿದೆ. ಊರಿನ ಬೆಕ್ಕುಗಳೆಲ್ಲ ನಮ್ಮ ಗೋಪುರದ ಬಾಗಿಲಲ್ಲೇ ಮಲಗ್ತವೆ. ನಿನ್ನಮ್ಮ "ಹಿರಿಯರು ಒಳಗೆ ಬೆಂಕಿ ಹಾಕ್ಕೊಂಡು ಕೂತಿದ್ದಾರೆ, ನಮ್ಮನ್ನ ಕಾಯ್ತಿದ್ದಾರೆ" ಅಂತಾಳೆ. ಇರಬಹುದು. ಅವಳಿಗೆ ಸಮಾಧಾನ ಆದ್ರೆ ಸಾಕು.

ಇಂತಿ
ಅಪ್ಪ


ತ್ಬಿಲಿಸಿ
೧೫ ಡಿಸೆಂಬರ್ ೨೦೨೧

ಅಪ್ಪಾ, ಆಣೆ ಮಾಡಬೇಡ.

ಮೊದಲು ಇದನ್ನ ಓದು, ಆಮೇಲೆ ಉಳಿದದ್ದು. ಆಣೆ ಮಾಡಬೇಡ. ಕಾಲು ನೋವು ಅನ್ನು, ಜ್ವರ ಅನ್ನು, ಏನಾದ್ರೂ ಅನ್ನು.

ನಿನ್ನ ಕಾಗದ ಅಂಗಡಿಯಲ್ಲಿ ನಿಂತುಕೊಂಡೇ ಓದಿದೆ. ಗೋಪುರದ ಮೇಲೆ ಹಿಮ ಇಲ್ಲ ಅನ್ನೋ ಕಡೆ ಬಂದಾಗ ಅಂಗಡಿ ಹಿಂದೆ ಹೋಗಿ ಓಡ್ತಿದ್ದ ಕಾರ್ಡಿನ ಮೇಲೆ ಕೈಯಿಟ್ಟು ನೋಡಿದೆ. ಅಪ್ಪಾ, ಅದು ಹಿರಿಯರಲ್ಲ. ಹುಲ್ಲಿಗೆ ಶಾಖ ಬರಲ್ಲ. ಕಲ್ಲಿನ ಗೋಪುರದ ನೆತ್ತಿಯ ಹಿಮ ಕರಗಿಸೋ ಅಷ್ಟು ಬಿಸಿ ಯಾವುದರಿಂದ ಬರುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದ್ರೂ ನಂಬೋಕೆ ಮನಸ್ಸು ಒಪ್ಪಲಿಲ್ಲ. ಬಸ್‌ಸ್ಟಾಂಡಿಗೆ ಓಡಿದೆ. ಶೋತಾ ಮಾಮನನ್ನ ಕೇಳಿದೆ: "ಗೋಚಾನ ಡಬ್ಬಿಗಳನ್ನ ನೀವು ಜುಗ್ದಿದಿಯಲ್ಲಿ ಇಳಿಸ್ತೀರಲ್ವಾ?" "ಇಲ್ವಲ್ಲಮ್ಮಾ, ಎಲ್ಲ ಊರಿಗೇ ತಂದೆ. ಹಾಲ್‌ಗೆ ಬಾಡಿಗೆ ಮನೆ ಸಿಗೋವರೆಗೆ ಮನೆಯಲ್ಲಿ ಇಟ್ಟಿರ್ತೀನಿ ಅಂದ" ಅಂದ್ರು. ಜುಗ್ದಿದಿಯಲ್ಲಿ ಹಾಲೂ ಇಲ್ಲ, ಏನೂ ಇಲ್ಲ. ಹನ್ನೆರಡು ಕಾರ್ಡು. ಹನ್ನೆರಡನ್ನೂ ನಾನೇ, ಈ ಕೈಯಾರೆ, ಮೇದಿಯಾಗೆ ಇಲ್ಲ ಇಲ್ಲ ಅಂತ ಹೇಳಿ, ಮೇಜಿನ ಕೆಳಗೆ ಬಚ್ಚಿಟ್ಟು ಕೊಟ್ಟದ್ದು! ಯಾವುದಕ್ಕೆ? ನನ್ನ ಅಮ್ಮನ ಉಸಿರು ಎಳೆಯೋಕೆ?

ನನಗೆ ಅಳೋಕೂ ಆಗ್ತಿಲ್ಲ. ನಿನಗೂ ಫೋನ್ ಸಿಗ್ತಿಲ್ಲ, ಗೋಚಾನಿಗೂ ಸಿಗ್ತಿಲ್ಲ. ಶೋತಾ ಮಾಮ ನಾಳೆ ಬೆಳಿಗ್ಗೆ ಹೊರಡ್ತಾರೆ, ಶುಕ್ರವಾರಕ್ಕೆ ನಿನ್ನ ಕೈಲಿ ಕೊಡ್ತೀನಿ ಅಂತ ಮಾತು ಕೊಟ್ಟಿದ್ದಾರೆ. ಗೋಪುರ ಹತ್ತು ಅಪ್ಪಾ. ಮಂಡಿ ಹೋದ್ರೂ ಹೋಗ್ಲಿ. ಭಾನುವಾರದೊಳಗೆ ಹತ್ತು.

ತೆಕ್ಲೆ


ಉಷ್ಖಾರ್
೧೯ ಡಿಸೆಂಬರ್ ೨೦೨೧, ಭಾನುವಾರ

ಮಗಳೇ,

ಶೋತಾ ಇನ್ನೂ ಬಂದಿಲ್ಲ. ಹಿಮ ಜಾರಿ ದಾರಿ ಮುಚ್ಚಿದೆ, ಆ ಕಡೆಯ ಹಳ್ಳಿಯಲ್ಲಿ ಸಿಕ್ಕಿಹಾಕ್ಕೊಂಡಿದ್ದಾನಂತೆ. ಆದ್ರೂ ಬರೀತಿದ್ದೀನಿ.

ಆಣೆ ಆಯ್ತು. ನಾನೇ ಮೊದಲು. ಊರ ಹಿರಿಯ ಅಲ್ಮಸ್ಗಿರ್ ಅಜ್ಜ ಪಟ ಹಿಡಿದಿದ್ರು. ಬೆಳ್ಳಿ ಎಷ್ಟು ತಣ್ಣಗಿತ್ತು ಅಂದ್ರೆ ಅಂಗೈ ಅಂಟಿಕೊಂಡು ಬಿಡುತ್ತೇನೋ ಅನ್ನಿಸ್ತು. ಗಟ್ಟಿಯಾಗಿ ಹೇಳಿದೆ, ಹಿಂದೆ ನಿಂತ ಹೆಂಗಸರಿಗೂ ಕೇಳೋ ಹಾಗೆ. ಗೋಚಾ ಗುಂಪಿನ ಕೊನೆಯಲ್ಲಿದ್ದ. ನಾನು ಕೈ ತೆಗೆದು ತಿರುಗಿದಾಗ ಅವನ ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತ್ತು. ಚಳಿ.

ಜುಂಬೇರ ಬಂದ. ಕೈಯಿಟ್ಟ. ಆ ಕೈ ನಡುಗ್ತಿತ್ತು ಮಗಳೇ, ಎಲ್ಲರೂ ನೋಡಿದ್ರು! ನನಗೆ ತಡೆಯೋಕಾಗಲಿಲ್ಲ. "ನಡುಗೋ ಕೈಯಲ್ಲಿ ದೇವರನ್ನ ಮುಟ್ಟಬೇಡ ಕಣೋ ಕಳ್ಳ" ಅಂದೆ. ಊರ ಮುಂದೆ ಅಂದೆ. ಅವನು ನನ್ನ ಕಡೆ ನೋಡಲೂ ಇಲ್ಲ, ಆಣೆ ಮುಗಿಸಿ ಹೋದ. ಅವನ ಹೆಂಡತಿ ತಲೆವಸ್ತ್ರದ ತುದಿ ಬಾಯಿಗೆ ಅಡ್ಡ ಇಟ್ಕೊಂಡು ಅತ್ತಳು. ನೀನು ಬೈತೀಯ ಗೊತ್ತು. ಬೈ.

ಮನೆಗೆ ಬಂದು ಒಂದು ಲೋಟ ಚಾಚಾ ಸಾರಾಯಿ ಕುಡಿದೆ, ಇನ್ನು ಕರೆಂಟ್ ಹೋಗಲ್ಲ ಅಂತ. ಸಂಜೆ ಐದಕ್ಕೆ ಹೋಯ್ತು! ಆಣೆ ಮಾಡಿದ ದಿನವೇ! ಮೆಷಿನ್ ಕೂಗೋಕೆ ಶುರುವಾಯ್ತು, ಸಿಲಿಂಡರಿನ ಮುಳ್ಳು ನೋಡಿದ್ರೆ ಕೆಂಪಿಗೆ ಬಂದಿದೆ. ನಿನ್ನಮ್ಮ ಲಮಾರಾ ನನ್ನ ತೋಳು ಹಿಡ್ಕೊಂಡು ಬಾಯಿ ತೆರೆದು ಉಸಿರು ಎಳೀತಿದ್ದಳು, ಕಣ್ಣು ಮೇಲೆ ಹೋಗ್ತಿತ್ತು. ಗೋಚಾ ಇದ್ದಕ್ಕಿದ್ದ ಹಾಗೆ ಹೊರಗೆ ಓಡಿದ. ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು, ದೇವರು ದೊಡ್ಡವನು.

ಯಾರೋ ಸುಳ್ಳಾಣೆ ಮಾಡಿದ್ದಾರೆ ಅಂತ ಈಗ ಊರೆಲ್ಲ ಮಾತು. ನಾನೂ ಹೇಳಿದೆ, ಮನೆ ಬಾಗಿಲಲ್ಲಿ ನಿಂತು ಕೂಗಿ ಹೇಳಿದೆ: ಸುಳ್ಳಾಣೆ ಮಾಡಿದವನ ಒಲೆ ಆರಿಹೋಗಲಿ, ಅವನ ಹೆಂಡತಿ ನನ್ನ ಹೆಂಡತಿ ಹಾಗೇ ಉಸಿರಿಗೆ ಒದ್ದಾಡಲಿ!

ಇಂತಿ
ಅಪ್ಪ


ಉಷ್ಖಾರ್
೨೪ ಡಿಸೆಂಬರ್ ೨೦೨೧

ತೆಕ್ಲೆ,

ನಿನ್ನ ಕಾಗದ ಮಂಗಳವಾರ ಸಿಕ್ಕಿತು. ಶೋತಾ ಮೂರು ಮೈಲಿ ಹಿಮದಲ್ಲಿ ನಡೆದುಕೊಂಡು ತಂದ. "ಮಗಳು ಅರ್ಜೆಂಟ್ ಅಂದಿದ್ದಳು, ತಡ ಆಗೋಯ್ತು" ಅಂದ. ಅವನಿಗೆ ಏನೂ ಗೊತ್ತಿಲ್ಲ, ಬಿಸಿ ಸಾರು ಕುಡಿಸಿ ಕಳಿಸಿದೆ.

ಮೊದಲನೇ ಸಾಲು ಓದಿದೆ. ಮತ್ತೆ ಓದಿದೆ. ಅರ್ಥವೇ ಆಗಲಿಲ್ಲ ನನಗೆ. ಉಳಿದದ್ದು ಓದಿದ ಮೇಲೆ ಎದ್ದು ಹೋಗಿ ಬೀಗ ಒಡೆದೆ.

ಏಣಿ ಹೇಗೆ ಹತ್ತಿದೆನೋ ಗೊತ್ತಿಲ್ಲ. ಎರಡನೇ ಅಂತಸ್ತಿಗೇ ಬೆವರು ಬಂತು. ಡಿಸೆಂಬರಿನಲ್ಲಿ, ನಮ್ಮ ಗೋಪುರದಲ್ಲಿ, ಬೆವರು! ಮೇಲೆ ಹುಲ್ಲಿನ ಹಿಂದೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ನಿನ್ನ ಇಟ್ಟಿಗೆಗಳು ಸಾಲಾಗಿ ಕೂತಿದ್ವು. ಎಲ್ಲ ಫ್ಯಾನೂ ಒಟ್ಟಿಗೆ ಗುಯ್ ಅಂತಿದ್ವು. ನಮ್ಮಜ್ಜ ಶತ್ರು ಬಂದಾಗ ಹೆಂಗಸರು ಮಕ್ಕಳನ್ನ ಕೂರಿಸ್ತಿದ್ದ ಜಾಗ ಅದು. ನಾನು ವೈರು ಹಿಡಿದು ಎಳೆದೆ. ಆ ಸದ್ದು ನಿಂತ ಮೇಲೆ ಕೆಳಗಿನ ಮನೆಯಿಂದ ನಿನ್ನಮ್ಮನ ಮೆಷಿನ್ನಿನ ಸದ್ದು ಕೇಳಿಸ್ತು. ಅಲ್ಲೇ ಕೂತು ಗೋಳೋ ಅಂತ ಅತ್ತೆ ಮಗಳೇ. ಅರವತ್ತಾರು ವರ್ಷದ ಗಂಡಸು.

ಗೋಚಾ ಹತ್ತಿ ಬಂದ. ಹೊಡೆಯೋಕೆ ಕೈಯೆತ್ತಿದೆ. ಪಟದ ಮೇಲೆ ಇಟ್ಟಿದ್ದು ಅದೇ ಕೈ. ಇಳಿಸಿಬಿಟ್ಟೆ. "ಯಾಕೋ?" ಅಂದೆ ಅಷ್ಟೇ.

"ಅಮ್ಮನಿಗೆ ಈ ಎತ್ತರದ ಗಾಳಿ ಆಗಲ್ಲ, ಸಮುದ್ರದ ದಂಡೆಯಲ್ಲಿ ಇರಬೇಕು ಅಂತ ಡಾಕ್ಟರು ಹೇಳಿದ್ರಲ್ಲಪ್ಪಾ. ಬತೂಮಿಯಲ್ಲಿ ಒಂದು ಕೋಣೆ ಮನೆ ತಗೊಳ್ಳೋಣ ಅಂತ. ಇನ್ನೊಂದು ಚಳಿಗಾಲ ಓಡಿಸಿದ್ರೆ ಆಗ್ತಿತ್ತು" ಅಂದ. "ಲೋ, ನಿನ್ನ ಯಂತ್ರವೇ ಅವಳ ಮೆಷಿನ್ ನಿಲ್ಲಿಸ್ತಿದೆ ಅಂತ ಗೊತ್ತಾಗಲಿಲ್ವೇನೋ?" "ಬರೀ ಹನ್ನೆರಡು ಕಾರ್ಡಪ್ಪಾ, ಇಷ್ಟರಿಂದ ಏನಾಗುತ್ತೆ, ಬೇರೆ ಯಾರೋ ದೊಡ್ಡದಾಗಿ ಇಟ್ಟಿರಬೇಕು ಅನ್ಕೊಂಡಿದ್ದೆ. ಭಾನುವಾರ ಸಂಜೆ ಓಡಿಬಂದು ಇದನ್ನ ಆರಿಸಿದೆ. ಕರೆಂಟ್ ಬಂತು. ಆಗ ಗೊತ್ತಾಯ್ತು." "ಮತ್ತೆ ಇವತ್ತು ಯಾಕೆ ಓಡ್ತಿತ್ತು?" ಅಂದೆ. ತಲೆ ತಗ್ಗಿಸಿ "ಕಮ್ಮಿ ಮಾಡಿ ಓಡಿಸಿದೆ" ಅಂದ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ!

ಬುಧವಾರ ನಾನೇ ಚರ್ಚಿನ ಗಂಟೆ ಬಾರಿಸಿದೆ. ಎಲ್ಲರೂ ಬಂದ್ರು. ನನ್ನ ಆಣೆ ಸುಳ್ಳು ಅಂತ ಹೇಳಿದೆ. "ಗೊತ್ತಿಲ್ಲದೆ ಮಾಡಿದ್ದಲ್ವಾ" ಅಂತ ಯಾರೋ ಅಂದ್ರು. ಅಲ್ಮಸ್ಗಿರ್ ಅಜ್ಜ ತಲೆ ಅಲ್ಲಾಡಿಸಿದ್ರು. "ಸೂರು ಅವನದು, ಬಾಯಿ ಅವನದು. ನೋಡದೆ ಆಣೆ ಮಾಡಿದ" ಅಂದ್ರು. ನಾನು ಎದುರು ಆಡಲಿಲ್ಲ. ನಮ್ಮ ಪದ್ಧತಿ ನಿನಗೆ ಗೊತ್ತು. ಮುಂದಿನ ಗಿಯೋರ್ಗಿಯ ಹಬ್ಬದವರೆಗೆ ನಾನು ಯಾರ ಹೊಸಿಲೂ ದಾಟೋ ಹಾಗಿಲ್ಲ. ಹೊಸ ಟ್ರಾನ್ಸ್‌ಫಾರ್ಮರ್ ಬರೋವರೆಗೆ ನಮ್ಮ ಮನೆಯ ಲೈನು ಕತ್ತರಿಸಬೇಕು ಅಂತ ಊರು ಹೇಳ್ತು.

ಆಗ ಎಲ್ಲರಿಗೂ ಒಟ್ಟಿಗೇ ನೆನಪಾಯ್ತು ಅಂತ ಕಾಣುತ್ತೆ. ಲೈನು ಕತ್ತರಿಸಿದ್ರೆ ಲಮಾರಾಳ ಮೆಷಿನ್? ನಾನೇ ಕೂಗಿ ಶಾಪ ಹಾಕಿದ್ದೆನಲ್ಲ, ಅವನ ಹೆಂಡತಿ ಉಸಿರಿಗೆ ಒದ್ದಾಡಲಿ ಅಂತ. ಅದು ಊರೆಲ್ಲ ಕೇಳಿಸಿಕೊಂಡಿತ್ತು.

ಜುಂಬೇರ ಹಿಂದಿನಿಂದ ಬಂದ. ನನ್ನ ಮುಖ ನೋಡಲಿಲ್ಲ. ಅಜ್ಜನಿಗೆ ಹೇಳಿದ: "ಲೈನು ಕತ್ತರಿಸಿ. ಲಮಾರಾಳನ್ನ ನಮ್ಮನೆಗೆ ತನ್ನಿ. ಕಿಟಕಿ ಪಕ್ಕದ ಕೋಣೆ ನಾನಾಳದು, ಖಾಲಿ ಇದೆ." ಆಮೇಲೆ ತನ್ನ ಕೈ ಮುಂದೆ ಚಾಚಿ ತೋರಿಸಿದ. ನಡುಗ್ತಿತ್ತು. "ಎರಡು ವರ್ಷದಿಂದ ಹೀಗೇ. ನರದ ಕಾಯಿಲೆ. ಮಗಳು ಕಾರು ಕೊಡಿಸಿದ್ದು ಆಸ್ಪತ್ರೆಗೆ ಹೋಗಲಿ ಅಂತ" ಅಂದ.

ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಹಿಮದ ಮೇಲೆ ಎಳೆಯೋ ಸ್ಲೆಡ್ಜಿನಲ್ಲಿ ನಿನ್ನಮ್ಮನಿಗೆ ಕಂಬಳಿ ಹೊದಿಸಿ ಕರೆದುಕೊಂಡು ಹೋದ್ರು. ನಾನು ಬೇಲಿವರೆಗೆ ಹೋದೆ. ಗೋಚಾ ಕಾರ್ಡುಗಳನ್ನ ತಗೊಂಡು ಶೋತಾ ಜೊತೆ ಬರ್ತಿದ್ದಾನೆ. ಮಾರು. ಒಂದೊಂದೂ ಒಂದು ಹಸುವಿನ ಬೆಲೆ ಅಂತ ನಾನೇ ಲೆಕ್ಕ ಹಾಕಿದ್ದೆನಲ್ಲ. ಬಂದದ್ದೆಲ್ಲ ಟ್ರಾನ್ಸ್‌ಫಾರ್ಮರಿಗೆ. ನಿನ್ನ ತಮ್ಮನಿಗೆ ಊಟ ಹಾಕು, ಬೈಬೇಡ. ಬೈಯೋದೆಲ್ಲ ನಾನು ಬೈದಾಗಿದೆ.

ಅಪ್ಪ


ತ್ಬಿಲಿಸಿ
೧೬ ಜನವರಿ ೨೦೨೨

ಅಪ್ಪಾ,

ಗೋಚಾನಿಗೆ ಬೈಯಲಿಲ್ಲ. ಬಾಗಿಲು ತೆಗೆದಾಗ ಅವನನ್ನ ನೋಡಿ ಬೈಗುಳ ಬಾಯಿಗೆ ಬರಲಿಲ್ಲ. ಚೀಲದಿಂದ ಕಾರ್ಡುಗಳನ್ನ ಒಂದೊಂದಾಗಿ ತೆಗೆದು ನನ್ನ ಹಾಸಿಗೆ ಮೇಲೆ ಇಟ್ಟ. ಹುಲ್ಲಿನ ಕಡ್ಡಿ ಫ್ಯಾನಿಗೆ ಸಿಕ್ಕಿಕೊಂಡಿದ್ವು. ಎರಡರಲ್ಲಿ ಬೆಕ್ಕಿನ ಕೂದಲು.

ಎಲ್ಗುಜಾ ಒಂದನ್ನ ಮೂಸಿ ನೋಡಿದ್ರು. "ದುಡಿಸಿ ಸುಸ್ತಾದ ಮಾಲು, ಅರ್ಧ ಬೆಲೆ" ಅಂದ್ರು. ಅದೂ ಸರಿಯೇ. ಆದ್ರೆ ಎರಡನೇ ವಾರಕ್ಕೆ ಒಂದು ಸುದ್ದಿ ಬಂತು: ಇಂಟರ್ನೆಟ್ ದುಡ್ಡಿನ ಬೆಲೆ ಬೀಳ್ತಿದೆ, ಹೊಸ ಮಾಲು ಹಡಗಿನಲ್ಲಿದೆ, ತಿಂಗಳೊಳಗೆ ಕಾರ್ಡಿನ ಬೆಲೆಯೂ ಕುಸಿಯುತ್ತೆ ಅಂತ. ಒಂದು ವರ್ಷ ಏರಿದ ಬೆಲೆ ಇಳಿಯಲಿ ಅಂತ ಬೇಡ್ಕೊಂಡವಳು, ಈಗ ಇನ್ನೊಂದು ವಾರ ನಿಲ್ಲಪ್ಪಾ ಅಂತ ಬೇಡ್ಕೊಳ್ಳೋ ಹಾಗಾಯ್ತು! ಗೋಚಾ "ಹೊಸದು ಅಂತ ಹೇಳಿ ಮಾರೋಣ, ಡಬ್ಬಿ ಇದ್ದಾವಲ್ಲ" ಅಂದ. ಆಗ ಬೈದೆ ನೋಡು. ಆವತ್ತಿನದು, ಹಳೇದು, ಎಲ್ಲ ಸೇರಿಸಿ ಬೈದೆ.

ಪ್ರತಿ ಡಬ್ಬಿ ಮೇಲೂ ನಾನೇ ದೊಡ್ಡದಾಗಿ ಬರೆದೆ: 'ತಿಂಗಳುಗಟ್ಟಲೆ ಬಿಡದೆ ಓಡಿದ್ದು. ಕಲ್ಲಿನ ಗೋಪುರದಲ್ಲಿತ್ತು, ಧೂಳಿದೆ.' ಯಾರೂ ಬರಲ್ಲ ಅಂದುಕೊಂಡೆ. ಬಂದ್ರು. ಹಸಿರಿನವು ಎರಡು ಸಾವಿರದ ಇನ್ನೂರರ ಹಾಗೆ ಮೂರು ದಿನದಲ್ಲಿ ಹೋದ್ವು, ನಿನ್ನ ಕೆಂದ ಹಸುವಿನ ಬೆಲೆಗೇ. ಕೆಂಪಿನವು ಸಾವಿರದ ಒಂಬೈನೂರಕ್ಕೆ ನಿಧಾನವಾಗಿ. ಕೊನೇದನ್ನ ಮಾತ್ರ ನಾನು ಮೇಜಿನ ಕೆಳಗೆ ಇಟ್ಟೆ. ಶುಕ್ರವಾರ ಮೇದಿಯಾ ಬಂದು ಅಭ್ಯಾಸದಂತೆ "ಬಂತಾ ಅಕ್ಕಾ?" ಅಂದಳು. ಸಾವಿರದ ಇನ್ನೂರೈವತ್ತಕ್ಕೆ ಕೊಟ್ಟೆ. ಅವಳು ಡಬ್ಬಿ ಮೇಲಿನ ಬರಹ ಓದಿ "ಯಾವ ಗೋಪುರ?" ಅಂತ ಕೇಳಿದಳು. ನಮ್ಮನೇದು ಅಂದೆ. ಊರಿನ ದುಡ್ಡಿಗೆ ಅದರಿಂದ ಆದ ನಷ್ಟ ನನ್ನ ಸಂಬಳದಿಂದ ಹಾಕಿದ್ದೀನಿ, ಅಜ್ಜನಿಗೆ ಹೇಳು.

ಟ್ರಾನ್ಸ್‌ಫಾರ್ಮರಿಗೆ ಸಾಕು. ಗೋಚಾ ಅದನ್ನ ತರೋ ಲಾರಿಯ ಜೊತೆಯೇ ಬರ್ತಾನೆ. ಬತೂಮಿಯ ಮನೆಗೆ ಒಂದು ಕಾಸೂ ಉಳಿಯಲ್ಲ. ಅಮ್ಮನಿಗೆ ಇದನ್ನ ಹೇಗೆ ಹೇಳೋದೋ ನನಗೆ ಗೊತ್ತಿಲ್ಲ.

ನಿನ್ನ
ತೆಕ್ಲೆ


ಉಷ್ಖಾರ್, ಜುಂಬೇರನ ಮನೆಯಿಂದ
೩೦ ಜನವರಿ ೨೦೨೨

ಚಿನ್ನಾ ತೆಕ್ಲೆ,

ಇದು ಅಮ್ಮ. ನಿಲ್ಲಿಸಿ ನಿಲ್ಲಿಸಿ ಬರೀತೀನಿ, ಉಸಿರು ಹಿಡ್ಕೊಂಡು. ಬತೂಮಿಯ ಮನೆ ಹೇಗೆ ಹೇಳೋದು ಅಂತ ನೀವಿಬ್ಬರೂ ಒದ್ದಾಡಬೇಡಿ. ಗೋಚಾ ಬಂದು ನನ್ನ ಕಾಲ ಹತ್ರ ಕೂತು ತಾನೇ ಹೇಳಿದ. ನನಗೆ ಸಮುದ್ರ ಬೇಡ ಕಣೋ, ಒಂದು ಮಾತು ಕೇಳಿದ್ರೆ ಆಗ್ತಿತ್ತು ಅಂದೆ. ಯಾರೂ ನನ್ನನ್ನ ಕೇಳಲೇ ಇಲ್ಲವಲ್ಲ.

ನಿನ್ನಪ್ಪ ದಿನಾ ಬೆಳಿಗ್ಗೆ ಬೇಲಿ ಹತ್ರ ಬಂದು ನಿಲ್ತಾನೆ. ಹೊಸಿಲು ದಾಟೋ ಹಾಗಿಲ್ಲವಲ್ಲ. ನಾನು ಕಿಟಕಿಯಲ್ಲಿ, ಅವನು ಹಿಮದಲ್ಲಿ. "ಮೆಷಿನ್ ಓಡ್ತಿದೆಯಾ?" ಅಂತ ಕೂಗ್ತಾನೆ, "ಓಡ್ತಿದೆ" ಅಂತ ನಾನು ಕೈಯಾಡಿಸ್ತೀನಿ. ಆಮೇಲೂ ಹೋಗಲ್ಲ. ಜುಂಬೇರ ಒಂದು ತಿಂಗಳು ಅವನ ಜೊತೆ ಮಾತಾಡಲಿಲ್ಲ, ದನಕ್ಕೆ ಹುಲ್ಲು ಹಾಕೋಕೆ ಹೋಗುವಾಗ ಪಕ್ಕದಲ್ಲೇ ಹಾದು ಹೋಗ್ತಿದ್ದ.

ನಿನ್ನೆ ಟ್ರಾನ್ಸ್‌ಫಾರ್ಮರ್ ಕೂರಿಸಿದ್ರು. ಸಂಜೆ ಎಲ್ಲ ಮನೆಯಲ್ಲೂ ದೀಪ ಬಂತು, ನಮ್ಮ ಮನೆಯಲ್ಲೂ. ಬಲ್ಬು ಒಂದು ಸಲವೂ ಹಳದಿಯಾಗಲಿಲ್ಲ. ನಿನ್ನಪ್ಪ ಬೇಲಿ ಹತ್ರ ನಿಂತು ಅಳ್ತಿದ್ದ, ಮರೆಮಾಡೋಕೂ ಹೋಗಲಿಲ್ಲ. ಜುಂಬೇರನ ಹೆಂಡತಿ "ಒಳಗೆ ಕರೀರಿ ಆ ಮುದುಕನ್ನ, ಸತ್ತುಗಿತ್ತು ಹೋದಾನು" ಅಂದಳು. "ಪದ್ಧತಿ ಪದ್ಧತಿಯೇ, ಒಳಗೆ ಬರೋ ಹಾಗಿಲ್ಲ" ಅಂದ ಜುಂಬೇರ. ಅಂದು, ಬಿಸಿ ಕುಬ್ದಾರಿ ರೊಟ್ಟಿ ಒಂದು, ಚಾಚಾ ಬಾಟಲಿ ಒಂದು ಕಂಕುಳಲ್ಲಿ ಇಟ್ಕೊಂಡು, ಹೊಸಿಲು ದಾಟಿ ತಾನೇ ಹೊರಗೆ ಹೋದ. ಇಬ್ಬರೂ ಹಿಮದಲ್ಲಿ ನಿಂತುಕೊಂಡೇ ತಿಂದ್ರು. ಜುಂಬೇರನ ಕೈ ನಡುಗಿ ಲೋಟ ಚೆಲ್ತಿತ್ತು. ನಿನ್ನಪ್ಪ ಎರಡೂ ಕೈಯಲ್ಲಿ ಆ ಕೈ ಹಿಡ್ಕೊಂಡ, ಅವನು ಕುಡಿದು ಮುಗಿಸೋವರೆಗೆ ಬಿಡಲಿಲ್ಲ.

ನಾಳೆ ನನ್ನನ್ನ ಮನೆಗೆ ಕರೆದುಕೊಂಡು ಹೋಗ್ತಾರೆ. ನಲವತ್ತು ವರ್ಷ ಆ ಮನೆಯಲ್ಲಿದ್ದೆ, ಹೊರಗಿನಿಂದ ಇಷ್ಟು ದಿನ ನೋಡಿದ್ದೇ ಇಲ್ಲ. ಈ ಕಿಟಕಿಯಿಂದ ನಮ್ಮ ಗೋಪುರ ಪೂರಾ ಕಾಣುತ್ತೆ. ಬೆಳಿಗ್ಗೆಯಿಂದ ಹಿಮ ಬೀಳ್ತಿದೆ. ಬೆಕ್ಕುಗಳು ಒಂದೂ ಇಲ್ಲ, ತಂತಮ್ಮ ಮನೆಗೆ ಹೋದ್ವು. ಗೋಪುರದ ನೆತ್ತಿ ಮೇಲೆ ಹಿಮ ಕೂತಿದೆ ಮಗಳೇ, ಎಲ್ಲರ ಗೋಪುರದ ಮೇಲೆ ಇರೋಷ್ಟೇ.

ಅಮ್ಮ